ಸುಗಲಾಬಾಯಿಯ ದವಾಖಾನೆ ಸವಾರಿ

ತಾಂಡೂರಿನ ತೊಗರಿ ವ್ಯಾಪಾರಿ ಶಾಂತಪ್ಪನಿಗೆ ಒಂದು ನೇಮವಿತ್ತು: ತನ್ನ ಮಾಲಿನ ಹುಳುಕನ್ನು ತಾನಾಗಿ ಹೇಳಬಾರದು. ಚೀಲದ ಬಾಯಲ್ಲಿ ಹೊಳೆಯುವ ಕಾಳು, ತಳದಲ್ಲಿ ದೇವರು ಕೊಟ್ಟದ್ದು. ಅಂಗಡಿಯಲ್ಲಿ ಇದರಿಂದ ಅವನಿಗೆ ಎಂದೂ ಕೇಡಾಗಿರಲಿಲ್ಲ. ಹಾಗಾಗಿ ಹೆಂಡತಿ ಸುಗಲಾಬಾಯಿಯ ಜಡ್ಡಿಗೂ ಅದನ್ನೇ ಹಚ್ಚಿದ.

ಸುಗಲಾಬಾಯಿಯ ಕೈ ನಡುಗತೊಡಗಿತ್ತು. ರೊಟ್ಟಿ ಬಡಿದರೆ ಅಂಚು ಹರಿಯುತ್ತಿತ್ತು. ವಸಡು ಬಾತು ಜೊಲ್ಲು ಸುರಿಯುತ್ತಿತ್ತು, ಬಾಯಿತುಂಬ ತಾಮ್ರ ನೆಕ್ಕಿದ ರುಚಿ. ಅತ್ತೆಯ ಗದರಿಕೆಗೂ ಜಗ್ಗದೆ ಮನೆ ನಡೆಸಿದ ಹೆಂಗಸು ಈಗ ತಂಬಿಗೆ ಎತ್ತಲು ಸೊಸೆಯನ್ನು ಕೂಗಬೇಕು. ನೋವಿಗಿಂತ ಹೆಚ್ಚಾಗಿ ಅದು ಅವಳ ಮೈ ಉರಿಸುತ್ತಿತ್ತು.

ದವಾಖಾನೆಗೆ ಹೊರಟ ದಿನ ಶಾಂತಪ್ಪ ಅವಳಿಗೆ ಹಬ್ಬದ ಇಳಕಲ್ ಸೀರೆ ಉಡಲು ಹೇಳಿದ, ಕೊರಳಿಗೆ ಬಂಗಾರದ ಬೋರಮಾಳ ಹಾಕಿಸಿದ, ಬಾಯಿ ವಾಸನೆಗೆ ಯಾಲಕ್ಕಿ ಕೊಟ್ಟ. ಟಾಂಗಾ ಹತ್ತಿದ ಮೇಲೆ ಪಾಠ ಬೇರೆ.

“ನೀ ಸುಮ್ಮ ಕೂಡು, ನಾ ಮಾತಾಡ್ತೀನಿ. ಮನ್ಮಥಪ್ಪನ ಭಸ್ಮದ ಸುದ್ದಿ ಎತ್ತಬ್ಯಾಡ. ನಾಟಿ ಔಷಧ ಅಂದ್ರ ಸಾಹೇಬ ನಮ್ಮನ್ನ ಹೊರಗ ಹಾಕ್ತಾನ.”

ಮನ್ಮಥಪ್ಪ ನಾರಾಯಣಖೇಡದಲ್ಲಿ ಪಂಡಿತನೆನಿಸಿಕೊಂಡವನು, ಶಾಂತಪ್ಪನ ಸೋದರಮಾವನ ಮಗ. ಅವಳ ಮೊಣಕಾಲು ನೋವಿಗೆ ಅವನು ಕೊಟ್ಟ ಪಾದರಸದ ಭಸ್ಮವನ್ನು ಗಂಡ ತಾನೇ ನಿಂತು ನೆಕ್ಕಿಸುತ್ತಿದ್ದ.

“ನನ್ನ ತೋರಸಾಕ ಒಯ್ಲತ್ತೀರೇನು, ಮಾರಾಕ ಒಯ್ಲತ್ತೀರೇನು?” ಎಂದಳು ಸುಗಲಾಬಾಯಿ. ಟಾಂಗಾದವನು ನಕ್ಕ. ಶಾಂತಪ್ಪ ನಗಲಿಲ್ಲ.

ಡಾಕ್ಟರು ಹೈದರಾಬಾದಿನವರು, ಮಾತೆಲ್ಲ ಉರ್ದು. ಮರ್ಯಾದಸ್ಥರ ಮನೆಯ ಹೆಂಗಸೆಂದು ಅವಳ ಕಡೆ ಕಣ್ಣೆತ್ತದೆ, ಏನು ತೊಂದರೆ ಎಂದು ಗಂಡನನ್ನು ಕೇಳಿದರು. ಹೊಟ್ಟೆ ಕಟ್ಟಿದೆ, ಅಷ್ಟೇ ಎಂದ ಶಾಂತಪ್ಪ. ಬೇರೆ ಯಾರ ಔಷಧವಾದರೂ ನಡೆದಿದೆಯೇ?

“ತೌಬಾ ಸಾಬ್!” ಇಲ್ಲವೇ ಇಲ್ಲ ಎಂದು ಶಾಂತಪ್ಪ ಎರಡೂ ಕೆನ್ನೆ ಮುಟ್ಟಿಕೊಂಡ.

ಡಾಕ್ಟರು ಜುಲಾಬಿನ ಪುಡಿ ಬರೆದು ಚೀಟಿಯನ್ನು ಕಂಪೌಂಡರ್ ಮರೆಪ್ಪನ ಕೈಗಿತ್ತರು. ವ್ಯಾಪಾರ ಕುದುರಿದಂತೆ ಶಾಂತಪ್ಪ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡ. ಆ ಸಮಾಧಾನದ ಮುಖ ನೋಡಿ ಸುಗಲಾಬಾಯಿಗೆ ತಡೆಯಲಾಗಲಿಲ್ಲ.

“ಝೂಟ್ ಹೈ ಸಾಬ್! ಸಬ್ ಝೂಟ್!”

ಬಳೆಗಾರನ ಜೊತೆ ಜಗಳಾಡಿ ಕಲಿತ ಉರ್ದು, ಎಲ್ಲ ಸುಳ್ಳು ಎನ್ನುವಲ್ಲಿಗೆ ಮುಗಿಯಿತು. ಮುಂದಿನದು ಕನ್ನಡದಲ್ಲೇ ಬಂತು, ಮರೆಪ್ಪ ಹಿಂದಿನಿಂದ ಉರ್ದುವಿಗೆ ಹಾಕುತ್ತ ಹೋದ.

“ಹೊಟ್ಟಿಗೇನೂ ಆಗಿಲ್ಲ. ನೋಡ್ರಿ ಈ ಕೈ, ಈ ಬಾಯಿ. ಮುಂಜಾನಿ ಸಂಜಿ ಪಾದರಸದ ಭಸ್ಮ ನೆಕ್ಕಸ್ಯಾರ. ಮೊಣಕಾಲು ಇದ್ದಂಗೇ ಅದ, ಹಲ್ಲು ಅಳ್ಳಾಡ್ಲತ್ತಾವ. ನೀವರ ಅವರ ಮುಖ ನೋಡಿ ಯಾಕ ಕೇಳ್ತೀರಿ? ಬ್ಯಾನಿ ನಂದು, ನನ್ನ ಕೇಳ್ರಿ!”

ಕೊನೆಯ ಮಾತನ್ನು ಉರ್ದುವಿಗೆ ಹಾಕದೆ ಮರೆಪ್ಪ ಕೆಮ್ಮಿದ.

“ಅದನ್ನೂ ಹೇಳೋ ತಮ್ಮಾ. ನುಂಗಬ್ಯಾಡ.”

ಮರೆಪ್ಪ ಹೇಳಿದ. ಡಾಕ್ಟರು ಎದ್ದು ಬಂದು ಅವಳ ಬಾಯಿ ತೆರೆಸಿದರು. ವಸಡಿನಂಚಿಗೆ ನೀಲಿಗಪ್ಪು ಗೆರೆ, ಪಾದರಸ ಮೈಗೇರಿದ ಗುರುತು. ಮರೆಪ್ಪನ ಕೈಯಿಂದ ಚೀಟಿ ಕಿತ್ತುಕೊಂಡು ಹರಿದರು. ಆ ಜುಲಾಬಿನಲ್ಲೂ ಪಾದರಸವೇ ಇತ್ತು. “ಇದನ್ನು ಕೊಟ್ಟಿದ್ದರೆ ಇವಳನ್ನು ನೀನೇ ಕೊಲ್ಲಿಸುತ್ತಿದ್ದೆ, ನನ್ನ ಕೈಯಿಂದ!” ಎಂದು ಶಾಂತಪ್ಪನ ಮೇಲೆ ಉರ್ದುವಿನಲ್ಲಿ ಕೂಗಿದ್ದು ವರಾಂಡದವರಿಗೂ ಕೇಳಿಸಿತು. ಆಮೇಲೆ ಕುರ್ಚಿಯನ್ನು ಅವಳ ಕಡೆ ತಿರುಗಿಸಿ ಕೂತರು. ಯಾವಾಗಿನಿಂದ, ಎಷ್ಟು, ಯಾವುದರ ಜೊತೆ, ಮೊದಲು ಕೆಟ್ಟದ್ದು ಕೈಯೋ ಬಾಯೋ? ಒಂದೊಂದಕ್ಕೂ ಅವಳೇ ಉತ್ತರ ಕೊಟ್ಟಳು.

ಟಾಂಗಾದ ಬಳಿ ಶಾಂತಪ್ಪನಿಗೆ ಬಾಯಿ ಬಂತು. “ಮಂದ್ಯಾಗ ನನ್ನ ಮರ್ಯಾದಿ ತಗದಿ.”

“ಮರ್ಯಾದಿ ನಾಳಿ ಮತ್ತ ಬರ್ತದ. ನಾ ಬರ್ತಿದ್ನೇನು?”

ಭಸ್ಮ ನಿಂತಿತು. ಎರಡು ಹಲ್ಲು ಹೋದವು. ಕೈ ಮಾತ್ರ ಚಳಿಗಾಲದ ಹೊತ್ತಿಗೆ ಮತ್ತೆ ರೊಟ್ಟಿ ಬಡಿಯುವ ಹದಕ್ಕೆ ಬಂತು. ಅಷ್ಟರವರೆಗೆ ದವಾಖಾನೆಗೆ ಹೋದಾಗಲೆಲ್ಲ ಅವಳು ಹಳೆಯ ಸೀರೆಯಲ್ಲೇ ಹೋದಳು, ಶಾಂತಪ್ಪನನ್ನು ವರಾಂಡದಲ್ಲೇ ನಿಲ್ಲಿಸಿದಳು.

“ಒಳಗ ನಿಮ್ಮದೇನು ಕೆಲಸ? ಇಲ್ಲೇ ಕೂಡ್ರಿ.”