ಅರ್ಧ ಉಂಡ ಗಂಗಳ

ಎಂಬತ್ತರ ದಶಕದ ಮೊದಲಲ್ಲಿ ನಾನು ಸಿನಿಮಾ ಕಲಿಯುತ್ತಿದ್ದೆ. ಕಲಿಯುವುದಕ್ಕಿಂತ ಮೆರೆಯುತ್ತಿದ್ದುದೇ ಹೆಚ್ಚು. ಒಂದು ಶಾಟ್‌ನಲ್ಲಿ ಹಾಕಿದ್ದ ಗುಂಡಿ ಮುಂದಿನ ಶಾಟ್‌ನಲ್ಲಿ ಬಿಚ್ಚಿದ್ದರೆ ಚಿತ್ರ ಕೆಟ್ಟಿತು ಎಂದು ಮೇಷ್ಟರು ಹೇಳಿದ್ದು ತಲೆಗೇರಿತ್ತು. ಅದಕ್ಕೆ ಕಂಟಿನ್ಯುಯಿಟಿ ಎನ್ನುತ್ತಿದ್ದರು. ಆ ಪದ ಕೇಳಿದರೆ ನನಗೆ ಈಗಲೂ ಓಕರಿಕೆ ಬರುತ್ತದೆ.

ಪರೀಕ್ಷೆಯ ಚಿತ್ರಕ್ಕೆಂದು ಕಡೂರಿನಲ್ಲಿ ರೈಲಿಳಿದು, ಕ್ಯಾಮೆರಾ ಪೆಟ್ಟಿಗೆಯನ್ನು ಬಸ್ಸಿಗೆ ಹೇರಿ, ಜೊತೆಗೆ ಓದುತ್ತಿದ್ದ ಹುಡುಗರನ್ನು ಕರೆದುಕೊಂಡು ಸಿಂಗಟಗೆರೆಯ ಸೋದರಮಾವನ ಮನೆಗೆ ಹೋದೆ. ಮಾವನೇ ನಟ. ರೈತ ಮುದ್ದೆ ಉಣ್ಣುವ ದೃಶ್ಯ. ಬಾಗಿಲಿನಿಂದ ಬರುವ ಎಳೆಬಿಸಿಲು ಗಂಗಳದ ಮೇಲೆ ಬೀಳಬೇಕು. ದೂರದ ಶಾಟ್ ಮುಗಿಸಿ ಹತ್ತಿರದ್ದಕ್ಕೆ ಕ್ಯಾಮೆರಾ ಸರಿಸುವಷ್ಟರಲ್ಲಿ ಮೋಡ ಕವಿಯಿತು. ಅಂಥ ಬಿಸಿಲು ಇನ್ನು ಮಾರನೆಯ ಬೆಳಿಗ್ಗೆಯೇ.

"ಏಳಿ ಮಾವ. ಗಂಗಳ ಹಂಗೇ ಇರ್ಲಿ, ನಾಳೆ ಮುಂದುವರಿಸಾಣ" ಎಂದೆ.

ಮಾವ ಏಳಲಿಲ್ಲ. ಆ ಮನೆಯಲ್ಲಿ ಊಟವೆಂದರೆ ಪ್ರಸಾದ. ಒಂದು ಅಗುಳೂ ಬಿಡದೆ ಉಂಡು, ಗಂಗಳ ತೊಳೆದ ನೀರನ್ನೂ ಕುಡಿದೇ ಏಳುವುದು ಪದ್ಧತಿ.

ಅತ್ತೆ ಹೌಹಾರಿದರು. "ಎಂಜಲನ್ನ ನಾಳೆಗಂಟ ಮಡಗ್ತಾರೇನೋ? ಹೊಸ ಮುದ್ದೆ ಮಾಡ್ಕೊಡ್ತೀನಿ ಕಣೋ."

"ಮುರಿದಿರೋದು ಹಿಂಗೇ ಬರಲ್ಲ ಅತ್ತೆ. ನಿಮಗೆ ಗೊತ್ತಾಗಲ್ಲ, ಸುಮ್ನಿರಿ."

ಜೊತೆಯ ಹುಡುಗರ ಮುಂದೆ ಹಾಗೆಂದುಬಿಟ್ಟೆ. ಅತ್ತೆ ಒಳಗೆ ಹೋದರು. ಮಾವ ನನ್ನ ಮುಖ ನೋಡಿ, ಒಲ್ಲದ ಮನಸ್ಸಿನಿಂದ ಎದ್ದರು. ಗಂಗಳಕ್ಕೆ ಬುಟ್ಟಿ ಕವುಚಿದೆ. ಉಂಡ ಜಾಗ ಬಳಿಯಲೂ ಬಿಡಲಿಲ್ಲ.

ಬೆಳಿಗ್ಗೆ ಬುಟ್ಟಿ ಎತ್ತಿದರೆ ಹುಳಿ ನಾತ. ಸಾರು ಹಳಸಿತ್ತು, ಮುದ್ದೆಗೆ ಇರುವೆ ಮುತ್ತಿತ್ತು. ನಾನು ಇರುವೆ ಊದಿ, ಮುದ್ದೆಯ ಆಕಾರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಚಿತ್ರಕ್ಕೆ ತಾಳೆ ನೋಡಿ ಖುಷಿಪಟ್ಟೆ. ಥೂ ನನ್ನ ಜನ್ಮಕ್ಕೆ.

"ಒಂದೇ ತುತ್ತು ಸಾಕು ಮಾವ."

ಮಾವ ನುಂಗಿದರು. ನಾನು ಕಟ್ ಎಂದೆ. ಅವರ ಕೈ ಮಾತ್ರ ನಿಲ್ಲಲಿಲ್ಲ.

"ಸಾಕು, ಬಿಡಿ ಮಾವ!"

"ಬಿಡಕ್ಕಾಗ್ತದೇನೋ? ಪ್ರಸಾದ ಕಣೋ."

ಪೂರ್ತಿ ಉಂಡು, ಗಂಗಳ ತೊಳೆದು, ಆ ನೀರನ್ನೂ ಕುಡಿದರು. ಮಧ್ಯಾಹ್ನದ ಹೊತ್ತಿಗೆ ತಿಪ್ಪೆಯ ಪಕ್ಕ ತೆಂಗಿನ ಮರ ಹಿಡಿದುಕೊಂಡು ವಾಂತಿ ಮಾಡುತ್ತಿದ್ದರು. ಅತ್ತೆ ಬೆನ್ನು ಸವರುತ್ತಿದ್ದರು. ಇನ್ನೆರಡು ಶಾಟ್ ಉಳಿದಿವೆಯಲ್ಲ ಎಂದು ನಾನು ಗಡಿಯಾರ ನೋಡಿಕೊಂಡೆ.

ಎಡಿಟಿಂಗ್ ಕೋಣೆಯಲ್ಲಿ ಮೇಷ್ಟರು ರೀಲು ಓಡಿಸಿದರು. "ಚೆನ್ನಾಗಿ ಕೂಡಿದೆ. ಆದರೆ ಇದು ಬೇಕಿಲ್ಲ" ಎಂದು ಆ ಹತ್ತಿರದ ಶಾಟನ್ನು ಕತ್ತರಿಸಿ ಬುಟ್ಟಿಗೆ ಎಸೆದರು. ಬಾಗಿಲಲ್ಲಿ ನಿಂತ ಹಸುವಿನ ಶಾಟೊಂದನ್ನು ಅಲ್ಲಿಗೆ ಅಂಟಿಸಿ, ಅದರ ಹಿಂದೆಯೇ ಮಾವ ಕೈ ತೊಳೆಯುವ ಶಾಟನ್ನು ಜೋಡಿಸಿದರು. ನಡುವೆ ಹಸು ಬಂದರೆ ಮುದ್ದೆ ಎಷ್ಟಿತ್ತೆಂದು ಯಾರೂ ಕೇಳುವುದಿಲ್ಲವಂತೆ. ಒಂದು ಹಸು ಸಾಕಾಗಿತ್ತು.

ಮುಂದಿನ ಸಲ ಊರಿಗೆ ಹೋದಾಗ ಮಾವ ಕೇಳಿದರು. "ನಾನು ಉಂಡಿದ್ದು ಚೆನ್ನಾಗಿ ಬಂದೈತೇನೋ?"

"ಬಂದೈತೆ ಮಾವ."

"ಹಂಗಾರೆ ಬಿಡು. ಎರಡು ದಿನ ಹೊಟ್ಟೆ ಹಿಡ್ಕಂಡ್ ಮಲಗಿದ್ದೂ ಸಾರ್ಥಕ ಆಯ್ತು" ಎಂದರು.