ವಾಡೆಯ ಹೆಂಗಸಿನ ಎಡಗಣ್ಣು

ನಾನು ವಿಜ್ಞಾನ ಓದಿದವನು. ಇಂಥ ಅನುಭವ ಹೇಳುವವರ ಎದುರಿಗೇ ನಕ್ಕಿದ್ದೇನೆ. ಆದ್ದರಿಂದ ನೀವು ನಕ್ಕರೆ ನನಗೆ ಬೇಸರವಿಲ್ಲ.

ಅರವತ್ತರ ದಶಕದ ಆರಂಭ. ಧಾರವಾಡದಲ್ಲಿ ಪದವಿ ಮುಗಿಸಿ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ್ದೆ. ರವಿವಾರ ಬಂತೆಂದರೆ ಬಸ್ಸು ಹಿಡಿದು ಹಳಿಯಾಳಕ್ಕೆ, ಶಿವಲಿಂಗಪ್ಪ ಮಾಸ್ತರರ ಹತ್ತಿರ ತೈಲಚಿತ್ರ ಕಲಿಯಲು ಹೋಗುತ್ತಿದ್ದೆ. ನಮ್ಮಲ್ಲಿ ಸತ್ತವರನ್ನು ಕೂಡ್ರಿಸಿ, ವಿಭೂತಿ ಹಚ್ಚಿ ಫೋಟೊ ತೆಗೆಸುತ್ತಾರಲ್ಲ, ಅದನ್ನು ನೋಡಿ ಕಣ್ಣು ತೆರೆದ ಚಿತ್ರ ಬರೆದುಕೊಡುವುದು ಅವರ ಕಸುಬು. ನನ್ನ ತಾಯಿಯದೂ ಅಂಥದೊಂದೇ ಫೋಟೊ ಇತ್ತು. ನಾನು ತೀರ ಚಿಕ್ಕವನಿದ್ದಾಗ ಸತ್ತವಳು. ಅವಳ ಕಣ್ಣು ಹೇಗಿದ್ದವೋ ನೆನಪಿಲ್ಲ. ಆ ಕಣ್ಣುಗಳನ್ನು ನನ್ನ ಕೈಯಾರೆ ತೆರೆಯಬೇಕೆಂಬುದೊಂದೇ ಆಸೆ.

ಮಾಸ್ತರರು ಸುಲಭಕ್ಕೆ ಬಿಡಲಿಲ್ಲ. “ಮೊದಲ ಇಕೀನ್ನ ಬರಿ. ಆಮ್ಯಾಲೆ ನಿಮ್ಮವ್ವನ್ನ ಮುಟ್ಟೀಯಂತ,” ಎಂದು ದುರಸ್ತಿಗೆ ಬಂದಿದ್ದ ಹಳೆಯ ಚಿತ್ರವೊಂದನ್ನು ಎದುರಿಗಿಟ್ಟರು. ಯಾವುದೋ ದೇಸಾಯರ ವಾಡೆಯದು. ಅವರ ಅಜ್ಜನ ಕಾಲದ್ದು. ದೊಡ್ಡ ನತ್ತು ಇಟ್ಟ ಹೆಂಗಸು. ಮೊದಲು ಬೂದುಬಣ್ಣದಲ್ಲೇ ಮುಖವನ್ನೆಲ್ಲ ತಿದ್ದಬೇಕು, ಒಣಗಿದ ಮೇಲೆ ಮೈಬಣ್ಣ. ನನ್ನ ಬೂದು ಮುಖ ನೋಡಿದಾಗಲೆಲ್ಲ, “ಡಿಗ್ರಿ ಆದ ಹೆಣಾ ಇದು,” ಎಂದು ಚೂರಿಯಿಂದ ಕೆರೆದು ಹಾಕುತ್ತಿದ್ದರು.

ಕೊನೆಗೊಂದು ರವಿವಾರ ಚಿತ್ರ ಮುಗಿಯಿತು. ಮಾಸ್ತರರು ಬಹಳ ಹೊತ್ತು ನೋಡಿ, “ಎಡಗಣ್ಣಾಗ ರಗತಾ ಯಾಕ ತುಂಬೀದಿ?” ಎಂದರು.

“ಮೂಲದಾಗ ಐತಲ್ರಿ.”

“ಎಲ್ಲೈತಿ, ತೋರಸು.”

ಮೂಲವನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಕಣ್ಣಿನ ಬಿಳುಪಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಮೂಗಿನ ಕಡೆಯಿಂದ ಪಾಪೆಯವರೆಗೆ ಹರಡಿದ ಆ ಕೆಂಪನ್ನು ನಾನು ನೋಡಿ ನೋಡಿಯೇ ಬರೆದಿದ್ದೆ. “ಸಾಲಿ ಕಲತು ಕಣ್ಣ ಕಳಕೊಂಡಿ,” ಎಂದು ಮಾಸ್ತರರು ನಕ್ಕರು.

ಮುಂಡಗೋಡ ಕಡೆಯ ನಮ್ಮೂರಿಂದ ಅವತ್ತೇ ಹಳಿಯಾಳಕ್ಕೆ ಎತ್ತು ನೋಡಲು ಬಂದಿದ್ದ ಅಪ್ಪ, ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂದ. “ಇದಕ್ಕೇನ ನಿನ್ನ ಓದಿಸಿದ್ದು?” ಎನ್ನುತ್ತಲೇ ಒಳಗೆ ಕಾಲಿಟ್ಟವನು, ನನ್ನ ಚಿತ್ರದ ಮುಂದೆ ನಿಂತುಬಿಟ್ಟ.

“ಅಕೀಗೆ ಬಾಗಲಾ ಬಡದಿತ್ತು,” ಎಂದ. ನಾನಿನ್ನೂ ಏನೂ ಕೇಳಿರಲಿಲ್ಲ.

“ಯಾರಿಗೆ?”

“ನಿಮ್ಮವ್ವಗ, ಇದs ಎಡಗಣ್ಣಿಗೆ. ಮರುದಿನಾ ಹ್ವಾದ್ಲು. ಕಣ್ಣ ಮುಚ್ಚೇ ಕುಂದರ್ಸಿದ್ವಿ, ಮಂದಿ ಯಾರೂ ನೋಡಿಲ್ಲ. ನಿನಗ ಯಾರ ಹೇಳಿದ್ರು?”

ಮಾಸ್ತರರು ಕುಂಚ ಒರೆಸುತ್ತ, “ಬಾಗಲಕ್ಕ ಕೈ ಇದ್ದೂವೇನ್ರೀ ಯಜಮಾನ್ರ?” ಎಂದರು.

ಅಪ್ಪ ಅವರತ್ತ ತಿರುಗಲಿಲ್ಲ. “ಅಕೀ ಚಿತ್ರಾ ಬರದ್ರ ಕಣ್ಣ ಮುಚ್ಚೇ ಬರಿ,” ಎಂದು ನನಗೆ ಹೇಳಿದ. “ಹಂಗs ಚಲೋ ಕಾಣತಿದ್ಲು.”

ತಾಯಿಯ ಆ ಕಣ್ಣನ್ನು ನಾನು ಎಂದೋ ನೋಡಿ ಮರೆತಿರಬೇಕು, ಮರೆತದ್ದು ಕೈಗೆ ಬಂದಿರಬೇಕು. ಒಪ್ಪಬಹುದಾದ ವಿವರಣೆ ಇದೊಂದೇ. ಆದರೆ ಅವಳು ಸತ್ತಾಗ ನಾನು ಸೋದರಮಾವನ ಊರಿನಲ್ಲಿದ್ದೆನೆಂದು ಅಪ್ಪ ಹೇಳಿದ. ಅಪ್ಪನ ಮಾತು ನಂಬದೆ ಮಾವನನ್ನೇ ಕೇಳಿದೆ. “ಹಬ್ಬಕ್ಕ ಬಂದಾಂವ ನಮ್ಮಲ್ಲೇ ಉಳದಿದ್ದಿ. ನಿನ್ನ ಕರಕೊಂಡ ಹೋಗೂದ್ರಾಗ ಮಣ್ಣ ಮಾಡಿದ್ರು,” ಎಂದ. ಆ ಹಳೆಯ ಚಿತ್ರದಲ್ಲಿ ಕೆಂಪನ್ನು ಕಂಡದ್ದಂತೂ ನಿಜವೇ? ಕಂಡಿದ್ದೆ ಎಂದು ನೆನಪು. ಆ ನೆನಪಿಗೆ ಎಷ್ಟು ಬೆಲೆ ಕೊಡಬೇಕೋ ತಿಳಿಯದು.

ಅಪ್ಪ ಸತ್ತಾಗ ಮನೆಯವರು ಅವನ ಚಿತ್ರ ಬರೆದುಕೊಡೆಂದರು. ಬರೆದೆ. ಅವನ ಕಣ್ಣು ಮುಚ್ಚಿದಂತೆಯೇ ಬರೆದೆ. ತಾಯಿಯದು ಇಂದಿಗೂ ಆಗಿಲ್ಲ. ಅವಳ ಒಂದು ಕಣ್ಣು ನನಗೆ ಗೊತ್ತು; ಹೇಗೆ ಗೊತ್ತಾಯಿತೆಂದು ತಿಳಿಯದೆ ಇನ್ನೊಂದನ್ನು ತೆರೆಯಲಾರೆ.