ಗಂಡ-ಹೆಂಡಿರ ‘ಥರ’ ಬಾಳಿದವರಿಗೊಂದು ಸಾಕ್ಷಿ

ಅಕ್ಟೋಬರ್ ಮುಗಿಯುತ್ತಿದೆ. ಸಾರಿ-ಬುಲಾಕ್ ಎಂಬ ಬೆಟ್ಟದೂರಿನ ಹೊಲಗಳಲ್ಲಿ ಆಲೂಗಡ್ಡೆ ಅಗೆಯುವ ಕೆಲಸ ಬಿರುಸಾಗಿದೆ. ಸೂರ್ಯ ಇನ್ನೂ ಬೆಟ್ಟದ ಹಿಂದಿದ್ದಾನೆ. ಸರೋವರದ ಕಡೆಯ ಗಾಳಿಗೆ ಬೆರಳು ಮರಗಟ್ಟುತ್ತವೆ. ಗ್ರಾಮಾಡಳಿತದ ಮೊಹರನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಜುರಾಕನ್ ಸಾಲುಗಳ ನಡುವೆ ನಡೆಯುತ್ತಿದ್ದಾರೆ. ಊರಿಗೆಲ್ಲ ಆಕೆ ಜುರಾಕನ್ ಎಜೆ, ಅಂದರೆ ಅಕ್ಕ. ಅಗೆಯುವ ಕಾಲದಲ್ಲಿ ಕಚೇರಿಗೆ ಯಾರೂ ಬರುವುದಿಲ್ಲ. ಹಾಗಾಗಿ ಕಚೇರಿಯೇ ಹೊಲಕ್ಕೆ ಬರುತ್ತದೆ.

ಯಾರು ಯಾವ ಮನೆಯಲ್ಲಿ ಯಾರೊಂದಿಗೆ ಬಾಳುತ್ತಿದ್ದಾರೆ ಎಂದು ಬರೆದುಕೊಡುವುದು ಆಕೆಯ ಕೆಲಸ. ಪಿಂಚಣಿಗೆ, ಶಾಲೆಗೆ, ಈಗೀಗ ಪರದೇಶದ ವೀಸಾಗಳಿಗೆ.

ಇವತ್ತಿನ ಕೆಲಸ ಚೋಲ್ಪೊನಳದು. ಆಕೆಯ ಗಂಡ ಎರ್ಮೆಕ್ ದನಗಳ ವೈದ್ಯ. ಹೋದ ವರ್ಷ ಬ್ರಿಟನ್ನಿಗೆ ಹೋದ. ಚೋಲ್ಪೊನ್ ಅತ್ತೆಯ ಮನೆಯಲ್ಲೇ ಉಳಿದಳು. ಇಬ್ಬರ ನಿಕಾ ಆಗಿದೆ, ಕುರಿ ಕೊಯ್ದಿದ್ದಾರೆ, ಊರು ಉಂಡಿದೆ. ಸರ್ಕಾರಿ ದಫ್ತರದಲ್ಲಿ ಹೆಸರು ಬರೆಸಿಲ್ಲ. ಇಲ್ಲಿ ಅದು ಯಾವಾಗಲೂ ‘ಆಮೇಲೆ’ ಮಾಡುವ ಕೆಲಸ. ಆದ್ದರಿಂದ ಅವಳು ಹೋಗಬೇಕಾದದ್ದು ಅವಿವಾಹಿತ ಸಂಗಾತಿಯ ವೀಸಾದಲ್ಲಿ. ಕನಿಷ್ಠ ಎರಡು ವರ್ಷ ಗಂಡ-ಹೆಂಡಿರಂತೆ ಬಾಳಿದ್ದನ್ನು ತೋರಿಸಬೇಕು, ಮುಂದೆಯೂ ಒಟ್ಟಿಗೆ ಬಾಳುವ ಮನಸ್ಸಿರಬೇಕು. ಬಾಳಿದ್ದು ನಾಲ್ಕು ವರ್ಷ. ತೋರಿಸುವುದು ಹೇಗೆ? ಮನೆ, ವಿದ್ಯುತ್ ಬಿಲ್ಲು ಎಲ್ಲವೂ ತೀರಿಹೋದ ಮಾವನ ಹೆಸರಿನಲ್ಲಿವೆ. ಉಳಿದದ್ದು ಸಾಕ್ಷಿ ಹೇಳಬಲ್ಲ ಮನೆಯವರ, ನೆರೆಹೊರೆಯವರ ಬಾಯಿ.

ಮೊದಲ ಸಲ ಆ ಬಾಯಿಯೇ ಕೆಡಿಸಿತು. ಹುಡುಗಿಯ ಮಾನ ಕಾಯಬೇಕೆಂದು ಅತ್ತೆ ಬಾತ್ಮಾ, ಪಕ್ಕದ ಮನೆಯ ತೊಕ್ತೊಸುನ್ ಇಬ್ಬರೂ ‘ಮದುವೆಯಾದವರು’ ಎಂದು ಬರೆಸಿದರು. ಅರ್ಜಿಯಲ್ಲಿ ಅವಿವಾಹಿತೆ, ಸಾಕ್ಷಿಯಲ್ಲಿ ವಿವಾಹಿತೆ. ಎರಡೂ ತಾಳೆಯಾಗದೆ ಅರ್ಜಿ ವಾಪಸಾಯಿತು. ಎರ್ಮೆಕ್‌ಗೆ ಊರಿಗೆ ಬಂದು ಮದುವೆ ಬರೆಸೋಣವೆಂದರೆ ವಸಂತದ ಕರು ಹಾಕುವ ಕಾಲ ಕಳೆಯುವವರೆಗೆ ರಜೆ ಇಲ್ಲ. ಈ ಸಲವೂ ತಪ್ಪಿದರೆ ಚೋಲ್ಪೊನ್ ಇನ್ನೊಂದು ಚಳಿಗಾಲವನ್ನು ಫೋನಿನೊಂದಿಗೆ ಕಳೆಯಬೇಕು.

ಊರಿನ ಕಿರಿಯರಿಗೆಲ್ಲ ‘ಅಪಾ’, ಅಂದರೆ ಅಮ್ಮ, ಆಗಿರುವ ಬಾತ್ಮಾ ಚೀಲದ ಮೇಲೆ ಕೂತು ಗಡ್ಡೆಯ ಮಣ್ಣು ಉಜ್ಜುತ್ತಾರೆ. ಎಜೆಯನ್ನು ಕಂಡರೂ ತಲೆ ಎತ್ತುವುದಿಲ್ಲ.

“ಸೊಸೆ ಅಂತ ನನ್ನ ಕೈಯಾರೆ ಅವಳ ಕಿವಿಗೆ ಓಲೆ ಹಾಕಿದೀನಿ. ಈಗ ಅವಿವಾಹಿತೆ ಅಂತ ಸಹಿ ಹಾಕ್ಬೇಕಾ? ಹಾಗಾದ್ರೆ ಇವ್ಳು ಯಾರು, ಬಾಡಿಗೆಗೆ ಬಂದವ್ಳಾ?”

“ಅಪಾ, ನಿಕಾ ಆಯ್ತಾ ಅಂತ ವೀಸಾದವ್ರು ಕೇಳ್ತಿಲ್ಲ. ದಫ್ತರದಲ್ಲಿ ಬರೆಸಿದೀರಾ ಅಂತ ಕೇಳ್ತಾರೆ. ಬರೆಸಿಲ್ಲ. ಹಾಗಾದ್ರೆ ಗಂಡ-ಹೆಂಡ್ತಿ ಥರ ಬಾಳಿದಾರಾ ಅಂತ ಕೇಳ್ತಾರೆ.”

“ಥರ ಅಂದ್ರೇನು? ಕುರಿ ಥರ ಅಂದ್ರೆ ಅದು ಕುರಿ ಅಲ್ಲ ಅಂತ ತಾನೇ?”

ಪಕ್ಕದ ಸಾಲಿನಲ್ಲಿ ತೊಕ್ತೊಸುನ್ ಗುದ್ದಲಿ ನಿಲ್ಲಿಸಿ ನಗುತ್ತಾನೆ. ಎರ್ಮೆಕ್-ಚೋಲ್ಪೊನರ ಜಗಳ ಗೋಡೆ ದಾಟಿ ಬರುತ್ತಿತ್ತು, ಅದು ‘ಥರ’ದ ಜಗಳವಲ್ಲ, ಅಸಲಿಯದು ಎನ್ನುತ್ತಾನೆ. ಹತ್ತಿರದಲ್ಲೇ ಅಗೆಯುತ್ತಿದ್ದ ಚೋಲ್ಪೊನ್ ಬಿಳಿ ತಲೆವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ.

ಎಜೆ ನಗುವುದಿಲ್ಲ. ಪಕ್ಕದ ಚೀಲದ ಮೇಲೆ ಕೂತು ತಮ್ಮ ಕತೆ ಹೇಳುತ್ತಾರೆ. ಊರಿಗೆ ಗೊತ್ತಿರುವ ಕತೆಯೇ. ಅವರ ಗಂಡ ಮುಕಾಶ್ ಲಾರಿ ಉರುಳಿ ಸತ್ತಾಗ ಹನ್ನೊಂದು ವರ್ಷದ ಸಂಸಾರಕ್ಕೆ ನಿಕಾ ಒಂದೇ ಇತ್ತು. ಪಿಂಚಣಿ ಕೇಳಲು ಹೋದರೆ, ನೀವು ಅವರಿಗೆ ಏನಾಗಬೇಕು ಎಂದು ಕೇಳಿದರಂತೆ.

“ನಾನು ಥರ ಕೂಡ ಆಗ್ಲಿಲ್ಲ ಅಪಾ. ನೋಡಿದ್ದನ್ನ ಬರೆಸೋರು ಯಾರೂ ಇರ್ಲಿಲ್ಲ. ನೀನು ನೋಡಿದೀಯ. ನೋಡಿದ್ದಷ್ಟೇ ಹೇಳು. ಅವಿವಾಹಿತೆ ಅನ್ನೋ ಮಾತು ನಿನ್ನ ಬಾಯಲ್ಲಿ ಬರೋದು ಬೇಡ.”

ಬಾತ್ಮಾ ಕೈಯಲ್ಲಿದ್ದ ಗಡ್ಡೆಯನ್ನು ಕೆಳಗಿಡುತ್ತಾರೆ. ಆಮೇಲೆ ನಿಧಾನವಾಗಿ ಹೇಳತೊಡಗುತ್ತಾರೆ. ಎಜೆ ತೊಡೆಯ ಮೇಲೆ ಹಲಗೆ ಇಟ್ಟು ಬರೆದುಕೊಳ್ಳುತ್ತಾರೆ. ನಿಕಾ ಆಗಿದೆ, ದಫ್ತರದಲ್ಲಿ ಬರೆಸಿಲ್ಲ. ನಾಲ್ಕು ಚಳಿಗಾಲ ಒಂದೇ ಕೋಣೆ, ಒಂದೇ ಒಲೆ. ಮಗನಿಗೆ ಕುದುರೆ ಒದ್ದು ಕಾಲು ಮುರಿದಾಗ ಹೊತ್ತು ಕೂರಿಸಿ ಎಬ್ಬಿಸಿದ್ದು ಇವಳು. ಇವಳ ಅಪ್ಪ ಸತ್ತಾಗ ಅಳಿಯನ ಜಾಗದಲ್ಲಿ ನಿಂತು ಗೋರಿ ತೋಡಿದ್ದು ಅವನು.

“ಇದು ಸಾಕಾ?” ಎಂದು ಕೇಳುತ್ತಾರೆ.

“ಸಾಕು.”

ಬಾತ್ಮಾ ಕೈಯನ್ನು ಲಂಗಕ್ಕೆ ಒರೆಸಿ ಸಹಿ ಹಾಕುತ್ತಾರೆ. ತೊಕ್ತೊಸುನ್ ಜಗಳದ ಸಂಗತಿಯನ್ನೂ ಬರೆಯಿರಿ ಎನ್ನುತ್ತಾನೆ. ಎಜೆ ಅದನ್ನೂ ಬರೆಯುತ್ತಾರೆ.

ವೀಸಾ ಹಿಮ ಬಿದ್ದ ಮೇಲೆ ಬಂತು. ಚೋಲ್ಪೊನ್ ಹೊರಟ ಮರುದಿನ ಬಾತ್ಮಾ ಒಂದು ರೇಷ್ಮೆ ಬಟ್ಟೆ ಹಿಡಿದು ಎಜೆಯ ಮನೆಗೆ ಹೋದರು. ಬೀಗರಿಗೆ ಕೊಡುವಂಥ ಬಟ್ಟೆ. ಎಜೆ ಚಹಾ ಕೊಟ್ಟು ಬಟ್ಟೆಯನ್ನು ಮಡಿಸಿ ವಾಪಸು ಕೊಟ್ಟರು. ಋಣ ತೀರಿಸುವುದಿದ್ದರೆ ಸೊಸೆ ತೀರಿಸಲಿ. ಅಲ್ಲಿ ಗಂಡನನ್ನು ದಫ್ತರಕ್ಕೆ ಕರೆದೊಯ್ದು ಹೆಸರು ಬರೆಸಿ, ಆ ಕಾಗದದ ಫೋಟೋ ಕಳಿಸಲಿ ಎಂದರು.

ಫೋಟೋ ಇನ್ನೂ ಬಂದಿಲ್ಲ. ಕೇಳಿದರೆ ಎಜೆಗೆ ಬೇಸರವೇನೂ ಇಲ್ಲ.

“ಬರುತ್ತೆ. ಹಟಮಾರಿ ಹುಡುಗಿ, ಸಾಲ ಇಟ್ಕೊಳ್ಳೋಳಲ್ಲ. ನಾನು ಎಷ್ಟು ದಿನ ಬೇಕಾದ್ರೂ ಕಾಯ್ತೀನಿ. ಅವ್ಳು ಮಾತ್ರ ನನ್ನ ಹಾಗೆ ‘ಆಮೇಲೆ’ ಅನ್ನದಿದ್ರೆ ಸಾಕು.”